ಮೂರು ಕೆಮ್ಮು

ಸ್ಪೀಕರಿನಲ್ಲಿ ದಪ್ಪ ತಂತಿಯ ಬೇಸಿನ ಸರದಿ ಬಂತು. ಪಿಯಾನೊ ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ಡ್ರಮ್ಮಿನವನೊಬ್ಬನೇ ಕುಂಚದಿಂದ ಚರ್ಮ ಸವರುತ್ತ ಉಳಿದ. ದರ್ಜಿ ಕುರ್ಚಿಯ ತುದಿಗೆ ಬಂದು ಕೂತರು. ಮೊಣಕಾಲ ಮೇಲೆ ಅವರ ತೋರುಬೆರಳು ತಾನಾಗಿ ಎಣಿಸತೊಡಗಿತ್ತು. ಹದಿನೇಳನೆಯ ಎಣಿಕೆಗೆ ಮೊದಲ ಕೆಮ್ಮು ಬರಬೇಕು.

ಹದಿನೇಳು ಬಂತು, ಹೋಯಿತು. ಹದಿನೆಂಟು. ಇಪ್ಪತ್ತು. ಬೇಸು ತನ್ನ ಪಾಡಿಗೆ, ಗುಡಿಸಿ ಸಾರಿಸಿದ ಅಂಗಳದಲ್ಲಿ ನಡೆಯುವ ಹಾಗೆ ನಡೆಯುತ್ತಿತ್ತು. ಕೆಮ್ಮಿರಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಆಮೇಲೆ ಬರುವ ಕುರ್ಚಿಯ ಕಿರ್ ಅನ್ನುವ ಸದ್ದಾಗಲಿ, ಬಾಗಿಲು ತೆರೆದು ಮುಚ್ಚುವ ಸದ್ದಾಗಲಿ ಕೇಳಲಿಲ್ಲ.

ದರ್ಜಿ ತಲೆಯೆತ್ತಿದರು. ಉಳಿದ ಮೂವರೂ ಅವರನ್ನೇ ನೋಡುತ್ತಿದ್ದರು, ಮಗುವಿನ ಕೈಗೆ ಆಟಿಕೆ ಕೊಟ್ಟು ಮುಖ ನೋಡುವವರ ಹಾಗೆ.

ತಿಂಗಳಿಗೆರಡು ಭಾನುವಾರ, ಮಧ್ಯಾಹ್ನ ಮೂರಕ್ಕೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ನಾಲ್ವರು ಸೇರುತ್ತಿದ್ದರು: ಡಾಕ್ಟರು, ನಿವೃತ್ತಿಯಾದ ಗಣಿತದ ಟೀಚರಮ್ಮ, ದರ್ಜಿ, ಮತ್ತು ಎಲ್ಲರೂ ಸರ್ಕ್ಯೂಟು ಎಂದೇ ಕರೆಯುವ ರೇಡಿಯೊ ರಿಪೇರಿಯವನು. ಪ್ರತಿಯೊಬ್ಬರೂ ತಮ್ಮ ಸಂಗ್ರಹದಿಂದ ಒಂದೇ ಒಂದು ಜಾಜ್ ತರಬೇಕು. ಅದು ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು. ದೇವರ ಮುಂದೆ ಕೂತಷ್ಟೇ ಭಕ್ತಿಯಿಂದ ಕೇಳುತ್ತಿದ್ದರು. ಮುಗಿದ ಮೇಲೆ ಸಂತೆಯ ಹಾಗೆ ಮಾತಾಡುತ್ತಿದ್ದರು. ಇವತ್ತು ಟೀಚರಮ್ಮ ತಂದ ಟ್ರಂಪೆಟ್ಟಿಗೆ ಡಾಕ್ಟರು, "ಇದು ನೋವಿಲ್ಲದೆ ಕಿತ್ತ ಹಲ್ಲು" ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು. "ನಿಮ್ಮ ಕೈಯಲ್ಲಿ ಅಂಥದು ಯಾವತ್ತು ಕಿತ್ತಿದೆ ಹೇಳಿ" ಎಂದು ಟೀಚರಮ್ಮ ತಿರುಗಿಸಿ ಕೊಟ್ಟಿದ್ದರು.

ದರ್ಜಿ ವರ್ಷಕ್ಕೆ ನಾಲ್ಕೈದು ಸಲವಾದರೂ ಇದೇ ಕ್ಯಾಸೆಟ್ ತರುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ, ಹೊರಗಿನಿಂದ ಬಂದ ನಾಲ್ವರು ವಾದ್ಯಗಾರರು ಟೌನ್ ಹಾಲಿನಲ್ಲಿ ನುಡಿಸಿದಾಗ, ತೊಡೆಯ ಮೇಲೆ ರೆಕಾರ್ಡರ್ ಇಟ್ಟುಕೊಂಡು ತಾವೇ ತುಂಬಿಸಿಕೊಂಡದ್ದು. ಬೇಸಿನ ನಡುವೆ ಆ ಕೆಮ್ಮು ಬಂದಾಗಲೆಲ್ಲ ನಿಯಮ ಮುರಿದು ಒಂದು ನಗೆ ಏಳುತ್ತಿತ್ತು.

"ಈ ಕೆಮ್ಮಪ್ಪನಿಗೆ ಟಿಕೆಟ್ ಕೊಟ್ಟ ಪುಣ್ಯಾತ್ಮ ಯಾರ್ರೀ?" ಎನ್ನುತ್ತಿದ್ದರು ಡಾಕ್ಟರು.

"ಪಾಪ, ಲೆಕ್ಕ ತಪ್ಪದೆ ಕೆಮ್ತಾನೆ ಬಿಡಿ" ಎನ್ನುತ್ತಿದ್ದರು ಟೀಚರಮ್ಮ.

ದರ್ಜಿಯೂ ನಗುತ್ತಿದ್ದರು. ಕೆಮ್ಮಿದ್ದು ತನ್ನ ಹೆಂಡತಿ ಎಂದು ಅವರು ಯಾವತ್ತೂ ಹೇಳಲಿಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಎರಡನೆಯ ಕೆಮ್ಮಿಗೆ ಅವರು ರೆಕಾರ್ಡರಿನ ಮೈಕಿನ ಮೇಲೆ ಅಂಗೈ ಮುಚ್ಚಿ, "ಹೊರಗಾದ್ರೂ ಹೋಗೇ, ಎಲ್ಲಾ ಹಾಳ್ಮಾಡ್ತಿದ್ದೀಯ" ಎಂದು ಹಲ್ಲು ಕಚ್ಚಿ ಗದರಿದ್ದರು. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆದರೂ ಮೂರನೆಯದು ಬಂದೇ ಬಿಟ್ಟಿತು. ಎದ್ದು ಹೋದಳು. ಮುಗಿಯುವವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. "ಆಯ್ತಾ ನಿಮ್ಮ ಪಾತ್ರೆಗಳ ಜಗಳ?" ಎಂದು ಕೇಳಿ ದಾರಿಯುದ್ದಕ್ಕೂ ನಗಿಸಲು ನೋಡಿದಳು. ಇವರು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ. ಆ ಕೆಮ್ಮು ನಿಲ್ಲಲೇ ಇಲ್ಲ. ಹನ್ನೊಂದು ತಿಂಗಳಿಗೆ ಎದೆಯ ರೋಗ ಅವಳನ್ನು ತೆಗೆದುಕೊಂಡು ಹೋಯಿತು. ಫೋಟೊ ಐದಾರು ಉಳಿದವು. ಅವಳ ಗಂಟಲಿನದು ಅಂತ ಲೋಕದಲ್ಲಿ ಉಳಿದದ್ದು ಈ ಮೂರೇ.

ಸಂಗೀತ ಮುಗಿಯಿತು. ಸರ್ಕ್ಯೂಟು ತಡೆಯಲಾರದೆ ಎದ್ದು ನಿಂತ. "ಹೆಂಗಣ್ಣಾ? ನೀವು ಟೇಪು ಅಂಟ್ಕೊಳ್ತಿದೆ ಅಂತ ಕೊಟ್ರಲ್ಲ, ಸರ್‌ಪ್ರೈಸ್ ಕೊಡೋಣ ಅಂತ ಕಂಪ್ಯೂಟರಿಗೇ ಹಾಕ್ಬಿಟ್ಟೆ. ಒಂದು ತಿಂಗಳು ಕೂತಿದೀನಿ. ಬೇಸಿನ ತಂತೀನೂ ಕೆಮ್ಮೂ ಒಂದರ ಮೇಲೊಂದು ಬಿದ್ದಿದ್ವು. ಅಕ್ಕೀಲಿ ಕಲ್ಲು ಆರಿಸ್ದಂಗೆ ಆರಿಸಿದೀನಿ."

"ಕೆಮ್ಮಪ್ಪನಿಗೆ ಕೊನೆಗೂ ಔಷಧಿ ಸಿಕ್ತು" ಎಂದರು ಡಾಕ್ಟರು.

ಎಲ್ಲರೂ ಕಾಯುತ್ತಿದ್ದರು. "ಚೆನ್ನಾಗಿದೆ" ಎಂದರು ದರ್ಜಿ. ಸಾಲದೆನಿಸಿ, "ಹೊಲಿಗೆಯೇ ಕಾಣ್ಸಲ್ಲ" ಎಂದು ಸೇರಿಸಿದರು. ಸರ್ಕ್ಯೂಟಿನ ಮುಖ ಅರಳಿತು.

ಸೋಮವಾರ ದರ್ಜಿ ತಮ್ಮ ಅಂಗಡಿ ತೆರೆಯಲಿಲ್ಲ. ಸರ್ಕ್ಯೂಟು ಬಾಗಿಲೆತ್ತುವ ಹೊತ್ತಿಗೆ ಅವನ ಅಂಗಡಿಯ ಮುಂದೆ ನಿಂತಿದ್ದರು.

"ಕೆಮ್ಮು ತೆಗೆಯೋಕೆ ಮುಂಚಿನದು ಇದೆಯೇನಪ್ಪಾ, ನಿನ್ ಕಂಪ್ಯೂಟರಲ್ಲಿ?"

"ಅದರ ಮೇಲೇ ಕೆಲಸ ಮಾಡಿದ್ದಲ್ವಾ ಅಣ್ಣ. ಕಸ ಯಾರು ಇಟ್ಕೋತಾರೆ?"

"ಹಳೇ ಟೇಪು?"

"ಅದಿದೆ, ಆದ್ರೆ ಅದರಲ್ಲಿ ಪ್ರಾಣ ಇಲ್ಲ. ಕೊನೇ ಸಲ ಓಡಿಸ್ದಾಗ್ಲೇ ಸೌಂಡು ಹಿಡಿದಿಡೋ ಲೇಪ ಎಲ್ಲ ಎದ್ದು ಮಷೀನಿನ ಹೆಡ್ಡಿಗೆ ಮೆತ್ಕೊಂಡ್ತು. ಸ್ಪಿರಿಟ್ ಹಾಕಿ ಒರೆಸ್ದೆ, ಒಂದು ಬೊಗಸೆ ಹತ್ತಿ ಕಂದುಬಣ್ಣ ಆಯ್ತು. ಪುಣ್ಯಕ್ಕೆ ಅಷ್ಟರಲ್ಲಿ ನಾನು ಇಳಿಸ್ಕೊಂಡಿದ್ದೆ." ಅವನು ನಗುತ್ತಿದ್ದವನು ದರ್ಜಿಯ ಮುಖ ನೋಡಿ ನಿಲ್ಲಿಸಿದ. "ಯಾಕಣ್ಣಾ?"

"ಆ ಕೆಮ್ಮು ನಮ್ಮವಳದು."

ಸರ್ಕ್ಯೂಟು ಬೆಸುಗೆಯ ಕಡ್ಡಿಯನ್ನು ಎತ್ತಿಕೊಂಡ, ಮತ್ತೆ ಕೆಳಗಿಟ್ಟ. "ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣಾ? ಇಷ್ಟು ವರ್ಷದಲ್ಲಿ ಒಂದು ಮಾತು? ನೀವೂ ನಮ್ ಜೊತೆ ನಗ್ತಿದ್ರಲ್ಲ."

"ಹೌದು. ನಗ್ತಿದ್ದೆ."

ಹುಡುಕಿ ಕ್ಯಾಸೆಟ್ ತಂದು ಸರ್ಕ್ಯೂಟು ಮಷೀನಿಗೆ ಹಾಕಿದ. ಬೇಸು ಎಲ್ಲಿತ್ತು ಎಂದು ಅವನಿಗೆ ಬಾಯಿಪಾಠ. ಸರಿಯಾಗಿ ಅಲ್ಲಿಗೇ ಓಡಿಸಿ ತಂದು ನಿಲ್ಲಿಸಿ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ. ಒಣ ಎಲೆಯ ಮೇಲೆ ಗಾಳಿ ಹೋದಂಥ ಸದ್ದು ಬಂತು. ಬೇಸಿಲ್ಲ, ಪಿಯಾನೊ ಇಲ್ಲ. ಇಬ್ಬರೂ ತಲೆ ತಗ್ಗಿಸಿ ಕೇಳಿದರು. ಎಲ್ಲೋ ಒಂದು ಕಡೆ ಟಪ್ ಎಂದಿತು.

"ಅದೇನಾ?" ಸರ್ಕ್ಯೂಟು ಪಿಸುಗುಟ್ಟಿದ.

"ಅಲ್ಲ."

"ಇನ್ನೊಂದ್ಸಲ ಹಾಕ್ಲಾ?"

"ಹಾಕು."

ಐದು ಸಲ ಹಾಕಿದ. ಆರನೆಯ ಸಲಕ್ಕೆ ಟೇಪು ಮಷೀನಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುತ್ತ ಸರ್ಕ್ಯೂಟು, ಯಾವ ವಯಸ್ಸಿನವನಿಗೂ ಒಪ್ಪದ ಹಾಗೆ, ಮೂಗು ಎಳೆದುಕೊಂಡು ಅಳತೊಡಗಿದ. ದರ್ಜಿ ಅವನ ಬೆನ್ನ ಮೇಲೆ ಒಂದು ಗಳಿಗೆ ಕೈ ಇಟ್ಟರು. ಆಮೇಲೆ ಕ್ಯಾಸೆಟ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಹೊರಗೆ ಬಂದಿದ್ದ ಟೇಪನ್ನು ಎರಡು ಕೈಯಲ್ಲಿ, ಸವೆದ ಬಟ್ಟೆಯ ನೇಯ್ಗೆ ಪರೀಕ್ಷಿಸುವ ಹಾಗೆ, ಬೆಳಕಿಗೆ ಅಡ್ಡ ಹಿಡಿದರು. ಅಲ್ಲಲ್ಲಿ ಒಂದಿಷ್ಟು ಕಂದು ಕಲೆ ಉಳಿದಿತ್ತು. ಉಳಿದಲ್ಲೆಲ್ಲ ಅದು ಗಾಜಿನಷ್ಟು ತಿಳಿಯಾಗಿತ್ತು. ಅದರ ಆಚೆಗೆ ಬೀದಿ ಕಾಣುತ್ತಿತ್ತು. ಎದುರಿನ ಅಂಗಡಿಯವನು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದ.