ಟೈಲರಕ್ಕ ಹೇಳಿದ ಒಂದು ಮಾತು

ಆಸ್ಪತ್ರೆಯ ನಾಲ್ಕನೇ ಕೊಠಡಿಗೆ ಬೀಗ ಬೀಳುವವರೆಗೂ ಹೊರಗಿನ ಬೆಂಚಿನವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ವಾರಕ್ಕೆ ಮೂರು ಸಲ ಅದೇ ಬೆಂಚಿನಲ್ಲಿ ತೂಕಡಿಸಿದವರು, ಒಬ್ಬರ ಫ್ಲಾಸ್ಕಿನ ಚಹಾ ಇನ್ನೊಬ್ಬರು ಕುಡಿದವರು, ಆದರೂ ಕರೆಯುತ್ತಿದ್ದದ್ದು ಮಾಡುವ ಕೆಲಸದಿಂದ: ಟೈಲರಕ್ಕ, ಲೆಕ್ಕದ ಮೇಷ್ಟ್ರು, ಟ್ಯಾಕ್ಸಿ. ಒಳಗೆ ಮಲಗುತ್ತಿದ್ದವರು ಟೈಲರಕ್ಕನ ಗಂಡ, ಮೇಷ್ಟ್ರ ಹೆಂಡತಿ, ಟ್ಯಾಕ್ಸಿಯವನ ತಾಯಿ, ಇನ್ನೂ ಹಲವರು. ಎಲ್ಲರಿಗೂ ಮೂತ್ರಪಿಂಡ ಕೈಕೊಟ್ಟಿತ್ತು. ಅವರ ರಕ್ತ ತೊಳೆದು, ಮೈಯಲ್ಲಿ ನಿಂತ ನೀರನ್ನು ಹೊರಗೆ ತೆಗೆಯುವ ಯಂತ್ರಗಳು ಆ ಕೊಠಡಿಯಲ್ಲಿದ್ದವು. ಯಂತ್ರಗಳಿಗೆ ಶುದ್ಧ ನೀರು ಬೇಕು. ನೀರು ಶುದ್ಧ ಮಾಡುವ ಘಟಕ ಕೆಟ್ಟಿತು. ‘ನೀರಿನ ಅಭಾವದಿಂದ ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಚೀಟಿ ಬಾಗಿಲಿಗೆ ಅಂಟಿತು.

ಟೈಲರಕ್ಕನ ಗಂಡ ಬೀಗ ರಿಪೇರಿಯವನು. ಬಗ್ಗಿ ಬೀಗ ನೋಡಿ, “ಇದಾ? ಇದನ್ನ ನಾನು ಕಿವಿ ಕೆರ್ಕೊಳ್ಳೋ ಕಡ್ಡೀಲಿ ತೆಗೀತೀನಿ. ಒಳಗೆ ನೀರು ಯಾರು ತಂದು ಹಾಕ್ತೀರಿ ಹೇಳಿ” ಎಂದ. ಬೆಂಚಿನವರೆಲ್ಲ ನಕ್ಕರು. ಅವತ್ತು ಇನ್ನೂ ನಗು ಬರುತ್ತಿತ್ತು.

ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಹೋದರು. ಅಲ್ಲಿಯವರು, ನಮ್ಮವರಿಗೇ ಜಾಗವಿಲ್ಲ, ನಿಮಗೆ ವಾರಕ್ಕೊಂದು ಸಲ ಕೊಡಬಹುದು ಅಷ್ಟೆ, ಎಂದರು. ಮಿಕ್ಕ ಎರಡು ಸಲದ ನೀರು ಮೈಯಲ್ಲೇ ಉಳಿಯತೊಡಗಿತು. ಬೀಗದವನ ಪಾದ ಚಪ್ಪಲಿಗೆ ಹಿಡಿಸದಾಯಿತು. ಕುಡಿಯುವ ನೀರನ್ನು ಟೈಲರಕ್ಕ ಔಷಧಿಯ ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದಳು. “ನನ್ನ ಹೆಂಡ್ತಿ ಬಟ್ಟೆ ಅಳೆಯೋದು ಬಿಟ್ಟು ನೀರು ಅಳೀತಾಳೆ” ಎಂದು ಅವನು ಅಕ್ಕಪಕ್ಕದವರಿಗೆ ದೂರು ಹೇಳುತ್ತಿದ್ದ.

ಟ್ಯಾಕ್ಸಿಯವನು ಫೋನಿನಲ್ಲಿ ಒಂದು ಗುಂಪು ಮಾಡಿ, ಮೇಷ್ಟ್ರನ್ನೂ ಅದರ ಉಸ್ತುವಾರಿಗೆ ಹಾಕಿದ. ಹೆಸರು ‘ನಾಲ್ಕನೇ ಕೊಠಡಿ ತೆರೆಯಿರಿ’. ಮೇಷ್ಟ್ರು ಒಂದು, ಎರಡು, ಮೂರು ಎಂದು ಅಂಶ ಹಾಕಿ ಉದ್ದುದ್ದ ಬರೆದು ಕಳಿಸುತ್ತಿದ್ದರು. ಯಾರೂ ಕೊನೆಯವರೆಗೆ ಓದುತ್ತಿರಲಿಲ್ಲ. ಟೈಲರಕ್ಕನಿಗೆ ಬರೆಯಲು ಪುರುಸೊತ್ತೆಲ್ಲಿ? ಹೊಲಿಯುತ್ತಲೇ ಮಾತಾಡಿ ಕಳಿಸುತ್ತಿದ್ದಳು. ಹಿಂದೆ ಯಂತ್ರ ಟಕಟಕ ಓಡುತ್ತಿರುತ್ತಿತ್ತು, ಮುಂದೆ ಅವಳ ದನಿ: “ಏನ್ರಪ್ಪಾ, ನಿದ್ದೆ ಮಾಡ್ತಿದ್ದೀರಾ? ನಾಳೆ ಹತ್ತು ಗಂಟೆಯಿಂದ ಒಬ್ಬೊಬ್ಬರಾಗಿ ಆಸ್ಪತ್ರೆ ಆಫೀಸಿಗೆ ಫೋನ್ ಹಚ್ಚಿ. ಒಬ್ರು ಇಟ್ಟ ಕೂಡ್ಲೇ ಇನ್ನೊಬ್ರು. ಆ ಗುಮಾಸ್ತ ಚಹಾ ಕುಡಿಯೋಕೂ ಏಳಬಾರ್ದು!” ಅದನ್ನು ಎಲ್ಲರೂ ಕೇಳುತ್ತಿದ್ದರು, ಎರಡು ಸಲ ಕೇಳುತ್ತಿದ್ದರು, ಕೇಳಿ ಮಾಡುತ್ತಲೂ ಇದ್ದರು. “ನಾನು ಮೂವತ್ತು ವರ್ಷ ಪಾಠ ಮಾಡಿದವನು. ನನ್ನ ಮಾತಿಗೆ ಇಷ್ಟು ಜನ ಯಾವತ್ತೂ ಎದ್ದು ಬರ್ಲಿಲ್ಲಮ್ಮ” ಎಂದು ಮೇಷ್ಟ್ರು ಒಪ್ಪಿಕೊಂಡರು.

ಹೀಗೆಯೇ ಒಂದು ದಿನ ಎಲ್ಲರೂ ಸೇರಿ ಅಧೀಕ್ಷಕರ ಕಚೇರಿಗೆ ಹೋದರು. ಟ್ಯಾಕ್ಸಿಯವನು ಫೋನ್ ಎತ್ತಿ ವಿಡಿಯೋ ತೆಗೆಯುತ್ತಿದ್ದ. ಅಧೀಕ್ಷಕರು ಕನ್ನಡಕ ಒರೆಸುತ್ತ, “ನೀರಿಲ್ಲಮ್ಮ. ನೀರಿಲ್ಲದೆ ನಾವೇನು ಮಾಡೋಣ? ನೀರೇ ಇಲ್ಲ” ಎಂದು ಮೂರನೇ ಬಾರಿ ಹೇಳಿದಾಗ ಟೈಲರಕ್ಕ ಪಕ್ಕದಲ್ಲಿ ಕೂತಿದ್ದ ಗಂಡನ ಪ್ಯಾಂಟಿನ ಕಾಲನ್ನು ಮೊಣಕಾಲಿನವರೆಗೆ ಎಳೆದಳು. ಊದಿದ ಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಗುಳಿ ಬಿತ್ತು, ಹಾಗೇ ನಿಂತಿತು.

“ನೀರಿಲ್ವಾ? ನೀರಿಲ್ವಾ ಸ್ವಾಮೀ? ನನ್ನ ಗಂಡನ ಮೈ ತುಂಬಾ ನೀರೇ ಇದೆ! ಪೈಪ್ ಹಾಕಿ ಹಿಡ್ಕೊಳ್ಳಿ!”

‘ಹಿಡ್ಕೊಳ್ಳಿ’ ಎನ್ನುವಾಗ ಅವಳಿಗೆ ಅಳು ಬಂದು ದನಿ ಒಡೆದು, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಎಂದು ಮೇಲಕ್ಕೆ ಹೋಯಿತು.

ಸಂಜೆಯೊಳಗೆ ಆ ವಿಡಿಯೋ ಊರೆಲ್ಲ ಓಡಾಡಿತು. ಗುಂಪಿನಲ್ಲಿ ಒಂದೇ ಸಂಭ್ರಮ. ಇಷ್ಟು ಸಾವಿರ ಜನ ನೋಡಿದರು, ಈಗ ಇಷ್ಟು ಎಂದು ಟ್ಯಾಕ್ಸಿಯವನು ಗಂಟೆಗೊಮ್ಮೆ ಹೇಳುತ್ತಿದ್ದ. ಬೀಗದವನು ಮಂಚದ ಮೇಲೆ ದಿಂಬಿಗೊರಗಿ ಅದನ್ನೇ ಹಾಕಿ ಹಾಕಿ ನೋಡಿದ.

“ಆಯ್ತಲ್ಲ ಕಣೇ. ನನ್ನ ಮೈಯಲ್ಲಿ ನೀರಿದೆ ಅಂತ ಊರಿಗೇ ಡಂಗುರ ಹೊಡೆದೆ. ಇನ್ನು ನೀರಿನ ತೆರಿಗೆಯವರು ಬರ್ತಾರೆ ನೋಡು.”

“ಬರ್ಲಿ ಬಿಡಿ. ಅವರ ಹಿಂದೆ ಘಟಕ ರಿಪೇರಿಯವ್ರೂ ಬಂದ್ರೆ ಸಾಕು.”

ಯಾರೂ ಬರಲಿಲ್ಲ. ಬಂದದ್ದು ಬೇರೆ. ಯಾರೋ ಪುಣ್ಯಾತ್ಮರು ಚಿತ್ರ ಬಿಸಾಕಿ ದನಿಯನ್ನು ಮಾತ್ರ ಕತ್ತರಿಸಿಕೊಂಡರು. ಸೋರುವ ಕೊಳಾಯಿಯ ಚಿತ್ರಕ್ಕೆ ಆ ದನಿ. ಮಳೆಯಲ್ಲಿ ಜಾರಿಬಿದ್ದವನಿಗೆ ಆ ದನಿ. ಕಲ್ಲಂಗಡಿ ಕೊಯ್ಯುವುದಕ್ಕೆ, ನಾಯಿ ಕಂಬಕ್ಕೆ ಕಾಲೆತ್ತುವುದಕ್ಕೆ, ಮದುವೆಯಲ್ಲಿ ಕುಣಿಯುವ ದಪ್ಪ ಮಾವನಿಗೆ, ಎಲ್ಲಕ್ಕೂ ‘ಮೈ ತುಂಬಾ ನೀರೇ ಇದೆ, ಪೈಪ್ ಹಾಕಿ ಹಿಡ್ಕೊಳ್ಳಿ!’ ಆ ಕಿರ್ ಎನ್ನುವ ಕೊನೆಯೇ ಜನರಿಗೆ ಹೆಚ್ಚು ಹಿಡಿಸಿದ್ದು. ಅದು ಯಾರ ದನಿ, ಯಾಕೆ ಒಡೆಯಿತು ಎಂದು ಕೇಳುವವರಿಲ್ಲ. ಹುಡುಗರಿಗೆ ಇನ್ನೊಂದು ಆಟ ಸಿಕ್ಕಿತು: ಗೊತ್ತಿಲ್ಲದವರಿಗೆಲ್ಲ ಫೋನ್ ಮಾಡುವುದು, ಆ ದನಿ ಕೇಳಿಸುವುದು, ಇಡುವುದು. ಅಂಗಡಿಗಳಿಗೆ, ಪೊಲೀಸರಿಗೆ, ಆಂಬುಲೆನ್ಸಿನ ತುರ್ತು ನಂಬರಿಗೂ ಮಾಡುತ್ತಾರಂತೆ ಎಂದು ಟ್ಯಾಕ್ಸಿಯವನು ಮುಖ ತಗ್ಗಿಸಿ ಹೇಳಿದ. “ನಾನು ಅದಕ್ಕಾ ತೆಗೆದದ್ದು ಅಕ್ಕಾ?”

“ನೀನು ಯಾಕೋ ತಲೆ ತಗ್ಗಿಸ್ತೀಯ? ಕಿರುಚಿದ್ದು ನಾನು” ಎಂದಳು. ಆದರೆ ಅವತ್ತಿನಿಂದ ಗುಂಪಿಗೆ ಮಾತು ಕಳಿಸುವುದನ್ನು ಕಡಿಮೆ ಮಾಡಿದಳು. ಅಳತೆ ಕೊಡಲು ಬಂದ ಹೆಂಗಸರು ಅವಳು ‘ಕೈ ಎತ್ತಿ’ ಎಂದರೂ ಮುಖ ಆಚೆ ತಿರುಗಿಸಿ ನಗು ತಡೆಯಲು ತುಟಿ ಕಚ್ಚುತ್ತಿದ್ದರು.

ಅಷ್ಟಾದರೂ ಮೇಲಿನ ಅಧಿಕಾರಿಗಳಿಂದ ಕರೆ ಬಂತು, ಅಹವಾಲು ಕೇಳುತ್ತೇವೆ ಎಂದು. ಮೇಷ್ಟ್ರು ಮತ್ತು ಟೈಲರಕ್ಕ ಹೋದರು. “ನೀನೇ ಮಾತಾಡಮ್ಮ. ನಾನು ಬಾಯಿ ತೆಗೆದ್ರೆ ಅವರು ಆಕಳಿಸ್ತಾರೆ” ಎಂದು ಮೇಷ್ಟ್ರು ದಾರಿಯುದ್ದಕ್ಕೂ ಹೇಳಿಕೊಟ್ಟರು. ಉದ್ದನೆಯ ಮೇಜು, ಸುತ್ತ ಸಾಹೇಬರುಗಳು. ಟೈಲರಕ್ಕ ಎದ್ದು ನಿಂತು ಕೈಮುಗಿದು, “ಸ್ವಾಮೀ, ನಮ್ಮವರಿಗೆ ವಾರಕ್ಕೆ ಮೂರು ಸಲ ಆಗ್ಬೇಕಾದ್ದು ಒಂದೇ ಸಲ ಆಗ್ತಿದೆ. ಅದರಿಂದ ಮೈಯಲ್ಲಿ ನೀರು...” ಎಂದಳು.

ಮೂಲೆಯಲ್ಲಿದ್ದ ಗುಮಾಸ್ತೆ ಕಿಸಕ್ಕೆಂದಳು. ಪಕ್ಕದವನು ಕೆಮ್ಮಿನಂತೆ ನಕ್ಕ. ಆಮೇಲೆ ತಡೆಯಲಾಗಲಿಲ್ಲ, ಮೇಜಿನ ತುಂಬ ಹರಡಿತು. ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡು, “ಕ್ಷಮಿಸಿ ತಾಯೀ, ಕ್ಷಮಿಸಿ. ನಮ್ಮನೆ ಮಕ್ಕಳು ದಿನಾ ಹಾಕ್ತಾರೆ ನೋಡಿ... ಹೇಳಿ, ಹೇಳಿ” ಎಂದರು. ಅವರು ಕೆಟ್ಟವರೇನಲ್ಲ, ನಿಜವಾಗಿಯೂ ನಾಚಿಕೊಂಡಿದ್ದರು. ಟೈಲರಕ್ಕ ಹೇಳಲು ಬಾಯಿ ತೆರೆದಳು. ಮೇಜಿನ ಸುತ್ತ ಎಲ್ಲರೂ ಆ ಕಿರ್ ಎನ್ನುವುದಕ್ಕೇ ಕಾಯುತ್ತಿರುವುದು ಅವಳಿಗೆ ಕಂಡಿತು. ಕೂತುಬಿಟ್ಟಳು. ಮೇಷ್ಟ್ರು ಅಂಶ ಒಂದು, ಅಂಶ ಎರಡು ಎಂದು ಶುರುಮಾಡಿದರು. ಪರಿಶೀಲಿಸುತ್ತೇವೆ ಎಂದರು ಸಾಹೇಬರು. ಹೊರಗೆ ಬರುವಾಗ ಗುಮಾಸ್ತೆ ಓಡಿಬಂದು ಒಂದು ಸೆಲ್ಫಿ ಕೇಳಿದಳು.

ಮನೆಗೆ ಬಂದಾಗ ಬೀಗದವನು ಕೇಳಿದ, “ಏನಂದ್ರು?”

“ಪರಿಶೀಲಿಸ್ತಾರಂತೆ.”

“ಹಾಗಾದ್ರೆ ನಾನೂ ಸ್ವಲ್ಪ ಪರಿಶೀಲಿಸ್ತೀನಿ, ಯಾವಾಗ ಹೋಗೋದು ಅಂತ.”

“ಬಾಯಿ ಮುಚ್ಚಿ ನೀವು” ಎಂದು ಗದರಿ ಅವಳು ಅಡುಗೆಮನೆಗೆ ಹೋದಳು.

ಅದಾದ ವಾರ, ಮಧ್ಯಾಹ್ನ, ಬೀಗದವನಿಗೆ ಉಸಿರು ಸಾಲದಾಯಿತು. ಮಲಗಿದರೆ ಮುಳುಗಿದಂತೆ, ಎತ್ತಿ ಕೂರಿಸಿದರೆ ಎರಡು ಗುಟುಕು ಗಾಳಿ. ತುಟಿ ನೀಲಿಗಟ್ಟಿತ್ತು. ಟ್ಯಾಕ್ಸಿಯವನು ಊರಾಚೆ ಬಾಡಿಗೆಗೆ ಹೋಗಿದ್ದ. ಟೈಲರಕ್ಕ ತುರ್ತು ನಂಬರಿಗೆ ಫೋನ್ ಮಾಡಿದಳು. ಹುಡುಗಿಯೊಬ್ಬಳು ತೆಗೆದಳು.

“ಅಮ್ಮಾ ಬೇಗ ಗಾಡಿ ಕಳ್ಸಿ, ನಮ್ಮ ಯಜಮಾನ್ರಿಗೆ ಉಸಿರು ಬರ್ತಿಲ್ಲ, ಮೈಯೆಲ್ಲ ನೀರು ತುಂಬಿದೆ...” ಗಾಬರಿಗೆ ದನಿ ಒಡೆದು ಕಿರ್ ಎಂದಿತು.

ಆ ಕಡೆ ಒಂದು ನಿಟ್ಟುಸಿರು. “ನೋಡಿ, ಬೆಳಗ್ಗೆಯಿಂದ ಇದು ಎಷ್ಟನೇದು ಅಂತ ಲೆಕ್ಕ ಬಿಟ್ಟಿದೀನಿ. ಇದು ತುರ್ತು ಲೈನು. ಇಲ್ಲಿ ನಿಜವಾಗ್ಲೂ ಜನ ಸಾಯ್ತಿರ್ತಾರೆ. ದಯವಿಟ್ಟು ಇಡಿ.” ಸದ್ದು ನಿಂತಿತು.

ಮತ್ತೆ ಮಾಡಿದಳು. ಅದೇ ಹುಡುಗಿ. “ನಾನೇ ಕಣಮ್ಮಾ, ನಿಜವಾಗ್ಲೂ ನಾನೇ...” ಎನ್ನುವಷ್ಟರಲ್ಲಿ ಕರೆ ಕಡಿಯಿತು. ಮೂರನೇ ಸಲಕ್ಕೆ ಕರೆ ಹೋಗಲೇ ಇಲ್ಲ, ಅವಳ ನಂಬರನ್ನೇ ಅಲ್ಲಿ ತಡೆದಿದ್ದರು. ಕೆಳಮನೆಯ ಇಸ್ತ್ರಿಯವಳನ್ನು ಕೂಗಿದಳು. ಇಸ್ತ್ರಿಯವಳು ತನ್ನ ಫೋನಿನಲ್ಲಿ ಎರಡೇ ಮಾತು ಹೇಳಿದಳು, ವಿಳಾಸ ಹೇಳಿದಳು. ಬೇರೆಯವಳ ದನಿಗೆ ಗಾಡಿ ಹೊರಟಿತು.

ಅದು ಬಂದು, ಅವನನ್ನು ಮೆಟ್ಟಿಲಿಳಿಸಿ, ದಾರಿಯ ಅರ್ಧ ಮುಟ್ಟಿತ್ತು. ರಕ್ತ ತೊಳೆಯುವ ಯಂತ್ರದ ಸೂಜಿ ಚುಚ್ಚಲೆಂದು ಡಾಕ್ಟರು ಹಿಂದೆಯೇ ಅವನ ಮುಂಗೈಯಲ್ಲಿ ಎರಡು ರಕ್ತನಾಳ ಜೋಡಿಸಿದ್ದರು. ಮುಟ್ಟಿದರೆ ಒಳಗೆ ಜೇನ್ನೊಣ ಹಾರಿದ ಹಾಗೆ ಜುಮ್ಮೆನ್ನುತ್ತಿತ್ತು. ಟೈಲರಕ್ಕ ಅದರ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು. ಗಾಡಿಯ ನಡುಕವೋ ಅವನ ಕೈಯದೋ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಗಾಡಿ ಒಂದು ಕಡೆ ನಿಂತಿತು. ಆಗ ತಿಳಿಯಿತು, ಬೆರಳ ಕೆಳಗೆ ಜುಮ್ಮೆನ್ನುವುದೂ ನಿಂತಿತ್ತು.

ಅವಳ ಫೋನು ಬಂದ ಕರೆ, ಹೋದ ಕರೆಯ ಮಾತನ್ನೆಲ್ಲ ತಾನೇ ರೆಕಾರ್ಡ್ ಮಾಡಿಟ್ಟುಕೊಳ್ಳುವ ಫೋನು. ಅದು ಮೊದಲು ಹೊಳೆದದ್ದು ಮೇಷ್ಟ್ರಿಗೆ. ಕಾರ್ಯಗಳೆಲ್ಲ ಮುಗಿದ ಮೇಲೆ ಒಬ್ಬರೇ ಬಂದರು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತರು.

“ಕೇಳಬಾರ್ದು, ಆದ್ರೂ ಕೇಳ್ತೀನಿ. ಆ ಎರಡು ಕರೆ ಕೊಡು. ಇದನ್ನ ಕೇಳಿ ಯಾರೂ ನಗೋಕಾಗಲ್ಲ. ನಮ್ಮನೆಯವಳ ಹೊಟ್ಟೆಗೂ ನೀರು ಬಂದಿದೆಯಮ್ಮ.”

ಟೈಲರಕ್ಕ ಫೋನನ್ನೇ ಅವರ ಕೈಗಿಟ್ಟಳು.

ಆ ಎರಡು ಕರೆ ಊರೆಲ್ಲ ಹರಿದಾಡಿದವು. ಮೇಷ್ಟ್ರ ಲೆಕ್ಕ ಸರಿಯಾಗಿತ್ತು. ಈ ಸಲ ಯಾರೂ ನಗಲಿಲ್ಲ. ಊರು ಕೆರಳಿತು. ನಕ್ಕವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಮರುದಿನವೇ ಆದೇಶ ಬಂತು: ಕರ್ತವ್ಯಲೋಪ ಎಸಗಿದ ಫೋನಿನ ಹುಡುಗಿಯನ್ನು ಕೆಲಸದಿಂದ ವಜಾ ಮಾಡಲಾಗಿದೆ, ಪ್ರಕರಣ ಮುಗಿದಿದೆ. ಗುಂಪಿನಲ್ಲಿ ಸಾಲುಸಾಲು ಚಪ್ಪಾಳೆ ಬಿದ್ದವು. ನಾಲ್ಕನೇ ಕೊಠಡಿಯ ಬಗ್ಗೆ ಆದೇಶದಲ್ಲಿ ಒಂದಕ್ಷರ ಇರಲಿಲ್ಲ. ಇಷ್ಟು ದೊಡ್ಡ ಕ್ರಮ ಆದ ಮೇಲೂ ಇವರಿಗೆ ಇನ್ನೇನು ಬೇಕಂತೆ ಎಂದು ಜನ ಬೇರೆ ವಿಷಯಕ್ಕೆ ಹೊರಳಿಕೊಂಡರು.

ಕೆಲವು ದಿನ ಕಳೆದು ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. “ಅಮ್ಮಾ” ಎನ್ನುತ್ತಲೇ ಯಂತ್ರ ತುಳಿಯುತ್ತಿದ್ದ ಟೈಲರಕ್ಕನ ಕಾಲು ನಿಂತಿತು.

“ನಾನು... ಆವತ್ತು ಫೋನ್ ತೆಗೆದವಳು. ಬೈಯೋದಿದ್ರೆ ಬೈಯಿರಿ. ನಾನು ಇಡಲ್ಲ.”

“ಬೈದು ಏನು ಬರುತ್ತೆ. ಊಟ ಮಾಡಿದ್ಯಾ?”

ಹುಡುಗಿ ಅಳತೊಡಗಿದಳು. “ಮನೆ ಬಾಗಿಲಿಗೆ ಕಲ್ಲು ಹೊಡೀತಾರಮ್ಮಾ. ಕೊಲೆಗಾತಿ ಅಂತಾರೆ. ಬೆಳಗ್ಗೆಯಿಂದ ನಿಮ್ಮ ದನೀನೇ ಕೇಳಿ ಕೇಳಿ ಸಾಕಾಗಿತ್ತು. ನಿಜವಾಗಿ ನೀವೇ ಮಾಡ್ತೀರಿ ಅಂತ ನನಗೆ ಹೇಗೆ ಗೊತ್ತಾಗ್ಬೇಕಿತ್ತು?”

“ಗೊತ್ತಾಗ್ತಿರ್ಲಿಲ್ಲ.”

“ಅದನ್ನೇ ಒಂದ್ಸಲ ವಿಡಿಯೋದಲ್ಲಿ ಹೇಳಿ. ನೀವು ಹೇಳಿದ್ರೆ ಜನ ಕೇಳ್ತಾರೆ.”

“ನಾನು ಬಾಯಿ ತೆಗೆದ್ರೆ ನಗ್ತಾರೆ ಮಗಳೇ.”

“ನಗ್ಲಿ ಅಮ್ಮಾ. ನಕ್ಕಾದ್ರೂ ಕೇಳ್ಲಿ.”

ಟೈಲರಕ್ಕ ಮುಖ ತೊಳೆದು ಬಂದಳು. ಫೋನನ್ನು ನೂಲಿನ ಡಬ್ಬಕ್ಕೆ ಒರಗಿಸಿ ಎದುರು ಕೂತಳು. ದನಿ ಏರದಂತೆ, ಪ್ರತಿ ಮಾತಿಗೂ ಉಸಿರು ಹಿಡಿದು, ಆ ಹುಡುಗಿಯದು ತಪ್ಪಿಲ್ಲ, ನಾಲ್ಕನೇ ಕೊಠಡಿಯ ಬೀಗ ಇನ್ನೂ ತೆಗೆದಿಲ್ಲ, ಎಂದಷ್ಟೇ ಹೇಳಿ ಗುಂಪಿಗೆ ಕಳಿಸಿದಳು. ಅವಳಿಗೆ ಬೇರೆ ಯಾರಿಗೆ ಕಳಿಸಲು ಗೊತ್ತಿತ್ತು?

ಸ್ವಲ್ಪ ಹೊತ್ತಿಗೆ ಅದು ಅಲ್ಲಿರಲಿಲ್ಲ. ಮೇಷ್ಟ್ರ ಫೋನು ಬಂತು.

“ನಾನೇ ಅಳಿಸ್ದೆ ಕಣಮ್ಮ. ಈಗ ಅವಳ ತಪ್ಪಿಲ್ಲ ಅಂದ್ರೆ, ಹಾಗಾದ್ರೆ ಇಷ್ಟು ದಿನ ಬೊಬ್ಬೆ ಹೊಡೆದದ್ದು ಸುಳ್ಳಾ ಅಂತಾರೆ. ಇರೋ ನಾಲ್ಕು ಜನಾನೂ ಕೈಬಿಡ್ತಾರೆ. ಆಮೇಲೆ ಬೇಕಾದ್ರೆ ಹೇಳೋಣ. ಬಾಗಿಲು ತೆಗೀಲಿ, ಆಮೇಲೆ...” ಅವರ ಹಿಂದೆ ಅವರ ಹೆಂಡತಿ ಕೆಮ್ಮುತ್ತಿದ್ದರು, ಕೆಮ್ಮಿನ ನಡುವೆ ಗಾಳಿ ಹುಡುಕುವ ಸದ್ದು.

ಟೈಲರಕ್ಕನ ಕಿವಿಯಲ್ಲಿ ಇನ್ನೊಂದು ಕರೆ ಕಾಯುತ್ತಿರುವ ಪೀಪ್ ಪೀಪ್ ಕೇಳುತ್ತಿತ್ತು. ಹುಡುಗಿಯದೇ ಇರಬೇಕು, ಕಳಿಸಿದಿರಾ ಎಂದು ಕೇಳಲು.

“ಅವರನ್ನ ಮಲಗಿಸಿದ್ದೀರಾ ಮೇಷ್ಟ್ರೇ?” ಎಂದಳು. “ಮಲಗಿಸ್ಬೇಡಿ. ಬೆನ್ನಿಗೆ ಎರಡು ದಿಂಬು ಕೊಟ್ಟು ಎತ್ತಿ ಕೂರಿಸಿ. ಗಾಡಿಗೆ ನೀವೇ ಫೋನ್ ಮಾಡಿ, ನಾನು ಮಾಡಲ್ಲ. ನನ್ನ ದನಿಗೆ ಗಾಡಿ ಬರಲ್ಲ.”