ಡ್ರಮ್ಮಿನಡಿ ಸಿಕ್ಕ ದನಿ

ಅಕ್ಕ ತಮ್ಮ ಇಬ್ಬರೂ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದರು. ಫ್ಯಾನು ತಿರುಗುತ್ತಿರುವುದೇ ತಿಳಿಯದಷ್ಟು ಮೆತ್ತಗಿನ ಯಂತ್ರ ಅದು. ಹಳೆಯದೋ, ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು. ಅದರ ರ‍್ಯಾಮು ಅಷ್ಟಕ್ಕಷ್ಟೆ. ದನಿಗೊಂದು, ವಾದ್ಯಕ್ಕೊಂದು ಎಂದು ಹಾಡಿಗೆ ನಾಲ್ಕು ಟ್ರ್ಯಾಕು ಹೆಚ್ಚು ಹೇರಿದರೆ ಮೊಂಡೆತ್ತಿನಂತೆ ಮಲಗಿಬಿಡುತ್ತಿತ್ತು. ಅದಕ್ಕೇ ತಮ್ಮ, ಅಕ್ಕ ಹಾಡಿದ್ದನ್ನು ರೆಕಾರ್ಡ್ ಮಾಡಿದಾಗಲೆಲ್ಲ, ಅವಳ ದನಿ, ಡ್ರಮ್ಮು, ಗಿಟಾರು ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ಬೆರೆಸಿ, ಬಿಡಿಬಿಡಿಯಾಗಿದ್ದುದನ್ನು ಅಳಿಸಿಹಾಕುತ್ತಿದ್ದ. ಮಹಾ ಜಾಣ! ದನಿ ಬೇಕಾದರೆ ಅಕ್ಕ ಪಕ್ಕದ ಕೋಣೆಯಲ್ಲೇ ಇದ್ದಳಲ್ಲ.

ಈಗ ಗಂಟಲಿನ ಆಪರೇಷನ್ ಆಗಿ ಅವಳಿಗೆ ಪಿಸುಮಾತಷ್ಟೇ ಉಳಿದಿತ್ತು.

"ದೊಡ್ಡ ಮಿಷಿನ್ನು ಬಂತಲ್ಲೋ, ಬರೀ ನನ್ನ ದನಿ ಹಾಕು," ಎಂದಳು.

ತಮ್ಮ ಹಳೆಯ ಹಾಡೊಂದನ್ನು ತೆರೆದ. ಡ್ರಮ್ಮು ತಗ್ಗಿಸಿದರೆ ಅವಳ ದನಿಯೂ ತಗ್ಗಿತು. ದನಿಯನ್ನಷ್ಟೇ ಸೋಸಿ ತೆಗೆಯುವ ಸಾಫ್ಟ್‌ವೇರಿಗೂ ಕೊಟ್ಟು ನೋಡಿದ. ಬಂದದ್ದು ಪಾಳುಬಾವಿಯೊಳಗಿಂದ ಯಾರೋ ಕರೆದಂತಿತ್ತು.

"ಯಾರೋ ಇವಳು?" ಎಂದು ಅಕ್ಕ ಕೇಳಿದಳು.

"ನೀನೇ ಕಣಕ್ಕ."

"ಹಲ್ಲಿದ್ದಾಗ ಕಡಲೆ ಇರಲಿಲ್ಲ ಬಿಡು," ಎಂದು ನಗಲು ಹೋದಳು. ಬಾಯಿ ತೆರೆಯಿತು, ಭುಜ ಕುಲುಕಿತು, ಸದ್ದು ಮಾತ್ರ ಹೊರಡಲಿಲ್ಲ. ಹಳೆಯ ಯಂತ್ರದ ಗದ್ದಲವಿದ್ದಿದ್ದರೆ ಅವನಿಗೆ ಅದು ತಿಳಿಯುತ್ತಲೇ ಇರಲಿಲ್ಲ.