ಪೂಜೆಗೆ ಆರಿಸಿದ ಸರ್ವರು

ಸಂಜೆ ಏಳಕ್ಕೆ ಲಕ್ಡಿಕಾಪುಲ್‌ನಿಂದ ಮಂಗಳೂರು ಬಸ್ಸು. ಪುತ್ತೂರಿನಲ್ಲಿ ಅಕ್ಕನ ಸೀಮಂತ. ತಮ್ಮನ ಉಪನಯನಕ್ಕೂ ಹೋಗದ, ಅಜ್ಜಿಯ ವರ್ಷಾಂತಿಕಕ್ಕೂ ಹೋಗದ ಅಹಲ್ಯಾ ಈ ಸಲವೂ ತಪ್ಪಿಸಿದರೆ ಮನೆಯವರು ಕರೆಯುವುದನ್ನೇ ಬಿಟ್ಟಾರು.

ಅವಳನ್ನು ಕಟ್ಟಿಹಾಕಿದ್ದು ಬೇಗಂ ಬಜಾರಿನ ಅಮರೇಶಪ್ಪನವರ ಹೋಲ್‌ಸೇಲ್ ಕಿರಾಣಿಯ ಮಾಳಿಗೆಯಲ್ಲಿದ್ದ ಸರ್ವರು. ಊರಿನ ಚಿಲ್ಲರೆ ಅಂಗಡಿಯವರು ಫೋನಿನಲ್ಲೇ ಆರ್ಡರು ಹಾಕುತ್ತಾರೆ. ಅವರಿಗೆ ಕಾಣುವ ಪುಟ ಆರ್ಡರು ತೆಗೆದುಕೊಳ್ಳುತ್ತದೆ, ಅಷ್ಟೆ. ಅದನ್ನು ಕೆಳಗಿನ ಗೋದಾಮಿಗೆ ಮುಟ್ಟಿಸಿ ಪ್ರಿಂಟರಿನಲ್ಲಿ ಚೀಟಿ ತೆಗೆಸುವುದು ಹಿಂದೆ, ಯಾರ ಕಣ್ಣಿಗೂ ಬೀಳದೆ ಓಡುವ ಇನ್ನೊಂದು ಪ್ರೋಗ್ರಾಮು. ಅದು ಮನಸ್ಸು ಬಂದಾಗ ಸಾಯುತ್ತಿತ್ತು. ಸರ್ವರು ನೋಡಿಕೊಳ್ಳುವ ಅಹಲ್ಯಾ ಊಟದ ನಡುವೆ, ಸ್ನಾನದ ನಡುವೆ ಓಡಿಬಂದು ಅದನ್ನು ಎಬ್ಬಿಸಬೇಕು. ಕೊನೆಗೆ ರೋಸಿಹೋಗಿ, ಅದು ಬಿದ್ದ ಕೂಡಲೇ ಎತ್ತಿ ನಿಲ್ಲಿಸುವ ಕಾವಲು ಪ್ರೋಗ್ರಾಮೊಂದನ್ನು ಕೂರಿಸಿದಳು. ಬೇಕೆಂದೇ ಮತ್ತೆ ಮತ್ತೆ ಬೀಳಿಸಿದಳು. ಬಿದ್ದಾಗಲೆಲ್ಲ ಎದ್ದಿತು. ಬ್ಯಾಗು ತುಂಬಿಸಿದಳು.

ಆ ಬ್ಯಾಗು ಹಿಡಿದೇ ಅಂಗಡಿಯ ದಸರಾ ಪೂಜೆಗೆ ಬಂದಳು. ತಕ್ಕಡಿಗೆ ಕುಂಕುಮ, ಟೆಂಪೋಗೆ ಚೆಂಡುಹೂವು. ಮಾಳಿಗೆ ಹತ್ತಿದರೆ ಸರ್ವರಿನ ಮೈಮೇಲೆ ವಿಭೂತಿ. ಅದರ ಒಂದು ಪುಟ್ಟ ದೀಪವೂ ಉರಿಯುತ್ತಿಲ್ಲ.

"ಯಾರು ಆರಿಸಿದ್ದು ಇದನ್ನ?"

"ನಾನ ತಂಗಿ," ಎಂದರು ಅಮರೇಶಪ್ಪನವರ ಹೆಂಡತಿ ಬಸಲಿಂಗಮ್ಮ. "ಒಂದ್ ದಿನ ಬಿಡಲಾರ್ದ ದುಡಿಯಾಕತ್ತೈತಿ. ಇವತ್ತರ ಸುಮ್ನ ಕುಂದ್ರಲಿ."

"ಅಮ್ಮಾ, ಅದು ದುಡಿಯುವ ಎತ್ತಲ್ಲ!"

"ತಕ್ಕಡೀನೂ ಎತ್ತಲ್ಲ. ಅದಕ್ಕೂ ರಜಾ ಕೊಟ್ಟೀನಲ್ಲ?"

ಮಂಗಳಾರತಿ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಮರೇಶಪ್ಪ ಕೈಮುಗಿದು ಸ್ವಿಚ್ಚು ಒತ್ತಿದರು. ಪುಟ ತೆರೆದುಕೊಂಡಿತು, ಆರ್ಡರುಗಳೂ ಬಂದವು. ಕೆಳಗಿನಿಂದ ಗೋದಾಮು ನೋಡಿಕೊಳ್ಳುವ ಸಂಗಣ್ಣ ಕೂಗಿದ: "ಅಕ್ಕಾರ, ಚೀಟಿ ಬರವಲ್ದು!"

ಅಹಲ್ಯಾ ಪ್ರಿಂಟರನ್ನು ಬೈದಳು, ವೈರನ್ನು ಬೈದಳು, ಮನಸ್ಸಿನಲ್ಲೇ ಬಸಲಿಂಗಮ್ಮನವರನ್ನೂ ಬೈದಳು. ಪರದೆ ನೋಡಿದ ಮೇಲೆ ತನ್ನನ್ನು ಬಿಟ್ಟು ಬೈಯಲು ಯಾರೂ ಉಳಿಯಲಿಲ್ಲ. ಬಿದ್ದದ್ದನ್ನು ಎಬ್ಬಿಸಲು ಕಾವಲಿಟ್ಟಿದ್ದಳು. ಯಂತ್ರ ಆರಿ ಹೊತ್ತಿದಾಗ ಕಾವಲೂ ಏಳಬೇಕೆಂದು ಬರೆದಿರಲೇ ಇಲ್ಲ. ಸರ್ವರನ್ನು ಯಾರಾದರೂ ಆರಿಸಿಯಾರೆಂದು ಹೊಳೆದಿದ್ದರೆ ತಾನೆ? ಒಂದು ಸಾಲಿನ ಕೆಲಸ. ಹಲ್ಲು ಕಚ್ಚಿ ಬರೆದಳು. ಕೆಳಗೆ ಪ್ರಿಂಟರು ಕಿರಗುಟ್ಟಿತು.

"ಆಯ್ತು ಸರ್. ಇನ್ನು ಆರಿಸಿ ಹಚ್ಚಿದರೂ ತಾನೇ ಏಳ್ತದೆ. ನಾನು ಹೊರಡ್ಲಾ?"

ಅಮರೇಶಪ್ಪ ಬಾಗಿಲು ಬಿಟ್ಟು ಕದಲಲಿಲ್ಲ. "ಹ್ವಾದ ಸಲಾನೂ ಹಿಂಗ ಅಂದಿದ್ರಿ. ಒಮ್ಮೆ ಆರಿಸಿ ತೋರಸ್ರಿ."

ತೋರಿಸಿದಳು. ಬಸಲಿಂಗಮ್ಮ ತಮ್ಮ ಫೋನಿನಿಂದ ತಮ್ಮದೇ ಅಂಗಡಿಗೆ ಬೆಲ್ಲ ಆರ್ಡರು ಮಾಡಿದರು. ಚೀಟಿ ಬಂತು.

"ನೀವು ಮುಂದ ಕುಂತೀರಿ, ಅದಕ್ಕ ಎದ್ದೈತಿ," ಎಂದರು ಅಮರೇಶಪ್ಪ. "ನೀವು ಹ್ವಾದ ಮ್ಯಾಲ ಏಳಲಿಲ್ಲಂದ್ರ?"

ಸಿಟ್ಟಿಗೆ ಅವಳಿಗೆ ಅಳುವೇ ಬಂತು. ಮೊಜಂಜಾಹಿ ಮಾರ್ಕೆಟ್ಟಿನ ಹಬ್ಬದ ಟ್ರಾಫಿಕ್ಕು ದಾಟಿ ಲಕ್ಡಿಕಾಪುಲ್ ಮುಟ್ಟುವುದು ಯಾವಾಗ? ಬ್ಯಾಗು ಎತ್ತಿಕೊಂಡಳು. "ನಾನು ಬೀದಿಯಲ್ಲಿ ನಿಂತಿರ್ತೇನೆ ಸರ್. ನೀವೇ ಆರಿಸಿ, ನೀವೇ ಹಚ್ಚಿ."

ಆಟೋ ನಿಲ್ಲಿಸಿ, ಒಂದು ಕಾಲು ಒಳಗಿಟ್ಟು ನಿಂತಳು. "ಎಕ್ಕಂಡಿ ಮೇಡಂ, ಎಕ್ಕಂಡಿ," ಎಂದು ಹತ್ತಲು ಅವಸರಪಡಿಸುತ್ತಿದ್ದ ಆಟೋದವನ ಹಿಂದೆ ಟೆಂಪೋ ಹಾರ್ನು ಹೊಡೆಯುತ್ತಿತ್ತು.

"ಆರಿಸೀನ್ರಿ!" ಮಾಳಿಗೆಯಿಂದ ಕೂಗು. ತುಸು ಹೊತ್ತಿಗೆ, "ಹಚ್ಚೀನ್ರಿ! ಇಕಿ ಮತ್ತ ಬೆಲ್ಲ ಹಾಕ್ಯಾಳ!"

ಗೋದಾಮಿನ ಬಾಗಿಲಲ್ಲಿ ಸಂಗಣ್ಣ ಪ್ರಿಂಟರಿನ ಬಾಯಿಗೇ ಕಣ್ಣಿಟ್ಟು ಕೂತಿದ್ದ. ಏನೂ ಇಲ್ಲ. ಮತ್ತೂ ಏನೂ ಇಲ್ಲ. ಅಹಲ್ಯಾ ಒಳಗಿಟ್ಟ ಕಾಲು ಹೊರಗೆ ತೆಗೆದಳು.

"ಬಂತ್ರೀ ಅಕ್ಕಾರ! ಬೆಲ್ಲ!"

ಕಿಟಕಿಯಿಂದ ಅಮರೇಶಪ್ಪನವರ ತಲೆ ಹೊರಬಂತು. "ನೀವಿನ್ನಾ ಇಲ್ಲೇ ನಿಂತೀರಲ್ರಿ? ಕಾಣದಂಗ ದೂರ ಹೋಗ್ರಿ, ಮತ್ತೊಮ್ಮೆ ನೋಡ್ತೀನಿ!"

ಇನ್ನೊಂದು ಸಲ ಹೇಳಿಸಿಕೊಳ್ಳುವ ಮೊದಲೇ ಅಹಲ್ಯಾ ಆಟೋದೊಳಗಿದ್ದಳು.